ಅಕ್ಕನ ಕೆಂಪು ಎಳೆ

ಅಕ್ಕ ತೀರಿಕೊಂಡ ಮೇಲೆ, ಅವಳು ಅರ್ಧ ಹೆಣೆದಿದ್ದ ಬಿಳಿ ಲೇಸ್ ಶಾಲನ್ನು ಮುಗಿಸಲೆಂದು ಅವಳ ಆನ್‌ಲೈನ್ ಹೆಣಿಗೆ ಗುಂಪಿಗೆ ನಾನೂ ಸೇರಿದೆ. ನಾನು ಕಲಿಸುವ ಶಾಲೆಗೆ ರಜೆಯಿದ್ದ ಭಾನುವಾರ ಮಧ್ಯಾಹ್ನ, ಸಂಶಿ ಊರಿನ ಮನೆಯಲ್ಲಿ ಫೋನನ್ನು ತಂಬಿಗೆಗೆ ಆನಿಸಿ ಕೂತೆ. ಪರದೆಯ ತುಂಬ ಪುಟ್ಟ ಪುಟ್ಟ ಚೌಕಗಳು. ಒಂದೊಂದರಲ್ಲೂ ಎರಡೆರಡು ಕೈಗಳು ನೀರೊಳಗಿನ ಮೀನಿನಂತೆ ಸದ್ದಿಲ್ಲದೆ ಆಡುತ್ತಿದ್ದವು. ನೋಡುತ್ತ ನೋಡುತ್ತ ನನ್ನ ಲೆಕ್ಕ ತಪ್ಪಿ, ಶಾಲಿನ ಹೂವಿನ ವಿನ್ಯಾಸದ ನಡುವೆ ಬೇಡದ ತೂತು ಬಿತ್ತು.

"ಟೀಚರ್, ಅದನ್ನ ಬಿಚ್ರಿ," ಎಂದರು ಗುಂಪು ನಡೆಸುವ ದೇವಿಕೊಪ್ಪದ ಕಾಕು.

"ಬ್ಯಾಡ್ರಿ ಕಾಕು. ಅಕ್ಕ ಹೆಣೆದದ್ದೂ ಬಿಚ್ಚಿಕೋತ ಹೋಗ್ತದ."

"ಅಕಿ ಅಷ್ಟು ದಡ್ಡಿ ಏನ್ರಿ? ನಿಲ್ಲಿಸಿದ ಸಾಲಿನಾಗ ಬ್ಯಾರೆ ಬಣ್ಣದ ಎಳಿ ಪೋಣಿಸಿರ್ತಾಳ. ಬಿಚ್ಚೂದು ಅಲ್ಲಿಗೇ ನಿಲ್ತದ. ನಾನೇ ಕಲಿಸೇನಿ, ನೋಡ್ರಿ."

ಸುಮ್ಮನೆ ಅಂಟಿಕೊಂಡ ದಾರವೆಂದು ನಾನು ತಿಳಿದಿದ್ದ ಕೆಂಪು ಎಳೆ, ಅಕ್ಕನ ಕೊನೆಯ ಸಾಲಿನ ಪ್ರತಿ ಕುಣಿಕೆಯೊಳಗೂ ಹಾದುಹೋಗಿತ್ತು. ಬಿಳಿ ನೂಲನ್ನು ಎಳೆದೆ. ನನ್ನ ಸಾಲುಗಳು ಒಂದೊಂದಾಗಿ ಕರಗಿ, ಕೆಂಪಿನ ಹತ್ತಿರ ಬಂದಾಗ ಬಿಚ್ಚುವುದು ತಾನಾಗಿ ನಿಂತಿತು. ಅಕ್ಕನ ಒಂದು ಕುಣಿಕೆಯೂ ಜಾರಲಿಲ್ಲ.

ಕೆಲವು ವಾರಗಳಲ್ಲಿ ಶಾಲು ಮುಗಿಯಿತು. "ಇನ್ನ ಆ ಎಳಿ ತಗೀರಿ ಟೀಚರ್, ಅದರ ಕೆಲಸ ಮುಗೀತು," ಎಂದರು ಕಾಕು.

ನಾನು ಎಳೆಯನ್ನು ಮುಟ್ಟದೆ, ನೆಟ್‌ವರ್ಕ್ ಹೋಗಿ ಪರದೆಯಲ್ಲಿ ಚಿತ್ರ ನಿಂತುಬಿಟ್ಟವಳ ಹಾಗೆ ಅಲುಗಾಡದೆ ಕೂತೆ.