ಅಣ್ಣನ ಎರಡನೇ ಮಾಸ್ಕ್

ಮೊನ್ನೆ ಯಾವುದೋ ಯೋಚನೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಕುದಿಯುವ ನೀರು ಸುರಿದುಬಿಟ್ಟೆ. ಡಬ್ಬಿ ಮೆತ್ತಗಾಗಿ ಬೆಚ್ಚನೆಯ ವಾಸನೆಯೊಂದು ಎದ್ದಿತು. ಅಷ್ಟೇ... ವಾಶಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಣ್ಣ ಕಣ್ಣ ಮುಂದೆ ಬಂದರು. ಅವರ ಮುಖದ ಅಚ್ಚು ತೆಗೆಯುವ ದಿನ ಆಸ್ಪತ್ರೆಯ ರೇಡಿಯೇಶನ್ ವಿಭಾಗದಲ್ಲಿ ಇದೇ ವಾಸನೆ ಇತ್ತು.

ಅಣ್ಣ ಉಡುಪಿ ಕಡೆಯವರು. ತುರ್ಭೆಯ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಮೈಸೂರಿನಿಂದ ಬಂದು ಲೋಕಲ್ ಟ್ರೈನಿಗೆ ಹೆದರುತ್ತಿದ್ದ ನನ್ನನ್ನು ದಿನಾ ರೇಗಿಸುತ್ತಿದ್ದರು. ದಟ್ಟ ಗುಂಗುರು ಕೂದಲು, ದೊಡ್ಡ ನಗು. ಒಂದು ದಿನ ಗಲ್ಲಾದಲ್ಲೇ ಮಾತು ತೊದಲಿ ಕುಸಿದರು. ಮಿದುಳಿನಲ್ಲಿ ಗಡ್ಡೆ. ಆಪರೇಶನ್ ಮಾಡಲಾಗದ ಆಳದ ಜಾಗ. ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದ ಡಾಕ್ಟರು, ಇನ್ನು ರೇಡಿಯೇಶನ್ನೇ ದಾರಿ ಎಂದರು.

ನಾನು ಪುಕ್ಕಲ. ಭಯವಾದರೆ ಓದಲು ಕೂರುವ ಜಾತಿ. ಆಫೀಸಿನಲ್ಲಿ ಇಂಟರ್ನೆಟ್ ಜಾಲಾಡಿದೆ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣವನ್ನು ತಿದ್ದುವುದು, ನೆನಪಿನ ಭಾಗಕ್ಕೆ ತಾಗದಂತೆ ಅದನ್ನು ಹಾಯಿಸುವುದು, ಜೊತೆಗೆ ಮಾತ್ರೆ ಕೊಡುವುದು... ಪ್ರಪಂಚದ ಎಲ್ಲೆಲ್ಲೋ ಎಷ್ಟೆಲ್ಲ ಸಂಶೋಧನೆ ನಡೆಯುತ್ತಿತ್ತು! ಆದರೆ ನಾನು ಓದಿದ ಲೇಖನಗಳೆಲ್ಲ ಕೊನೆಗೆ, ಇನ್ನಷ್ಟು ಅಧ್ಯಯನ ಬೇಕು ಎಂದೇ ಮುಗಿಯುತ್ತಿದ್ದವು. ಆದರೂ ಸಂಜೆ ಹೋಗಿ ಅಣ್ಣನಿಗೆ ಎಲ್ಲ ಒಪ್ಪಿಸುತ್ತಿದ್ದೆ.

"ಲೋಕದ್ದೆಲ್ಲ ಇರಲಿ ಮಾರಾಯ," ಎಂದರು ಒಂದು ಸಂಜೆ. "ನಾನು ಬದುಕ್ತೇನಾ, ಅದು ಹೇಳು."

ನಾನು ಚಹಾ ಕುಡಿದೆ.

ಅಚ್ಚು ತೆಗೆಯುವ ದಿನ ನಾನೂ ಜೊತೆಗೆ ಹೋಗಿದ್ದೆ. ತೂತು ತೂತಿನ ಬಿಳಿ ಹಾಳೆಯನ್ನು ಬಿಸಿ ನೀರಲ್ಲಿ ಮೆತ್ತಗೆ ಮಾಡಿ, ಮಲಗಿದ್ದ ಅವರ ಮುಖದ ಮೇಲೆ, ತಲೆಗೂದಲೂ ಸೇರಿದಂತೆ, ಎಳೆದು ಒತ್ತಿದರು. ತಣಿದಾಗ ಅದು ಗಟ್ಟಿ ಮಾಸ್ಕ್ ಆಯಿತು. ಪ್ರತಿದಿನ ಅದನ್ನು ತೊಡಿಸಿ ತಲೆಯನ್ನು ಮೇಜಿಗೆ ಬಿಗಿದರೆ ಕಿರಣ ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲವಂತೆ. ಲೆಕ್ಕಾಚಾರಕ್ಕೆ ಒಂದು ವಾರ ಬೇಕು, ಆಮೇಲೆ ಬನ್ನಿ ಎಂದರು. ಕೂದಲು ಕತ್ತರಿಸಬೇಡಿ ಎಂದೂ ಹಿಂದಿಯಲ್ಲಿ ಹೇಳಿದ್ದರಂತೆ. ಆ ಗಾಬರಿಯಲ್ಲಿ ನಮ್ಮ ಯಾರ ಕಿವಿಗೂ ಅದು ಬೀಳಲಿಲ್ಲ.

ಅತ್ತಿಗೆ ಮುಡಿ ಕೊಡಿಸುವ ಹರಕೆ ಹೊತ್ತಿದ್ದರು. "ಹೇಗೂ ಕರೆಂಟು ಕೊಟ್ಟರೆ ಉದುರುವ ಕೂದಲು. ಅದು ದೇವರಿಗೇ ಹೋಗಲಿ," ಎಂದು ಆ ವಾರದಲ್ಲೇ ಅವರನ್ನು ಊರಿಗೆ ಕರೆದೊಯ್ದರು. ಬೋಳುತಲೆಯಲ್ಲಿ ಬಂದ ಅಣ್ಣ ನನ್ನನ್ನು ಕಂಡು ನಕ್ಕರು. ನಾನೂ ನಕ್ಕೆ.

ಮೊದಲ ದಿನ ಮಾಸ್ಕ್ ತೊಡಿಸಿದ ಟೆಕ್ನಿಶಿಯನ್ ಕೈ ನಿಲ್ಲಿಸಿದ. ಕೂದಲಿಲ್ಲದೆ ಒಳಗೆ ತಲೆ ಅಲುಗಾಡುತ್ತಿತ್ತು. "ಇನ್‌ಕಾ ಬಾಲ್ ಕಹಾಂ ಗಯಾ?" ಎಂದು, ಇವರ ಕೂದಲೆಲ್ಲಿ ಹೋಯಿತೆಂದು ಅತ್ತಿಗೆಯನ್ನು ಕೇಳಿದ. ಅತ್ತಿಗೆ ನನ್ನ ಮುಖ ನೋಡಿದರು. ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಮತ್ತೆ ಕಾಯುವುದು. ಅಷ್ಟು ದಿನದ ತಡದಿಂದ ಏನೂ ವ್ಯತ್ಯಾಸವಾಗದು ಎಂದು ಡಾಕ್ಟರು ಸಮಾಧಾನ ಹೇಳಿದರು.

ಆ ದಿನಗಳ ಹೆದರಿಕೆ ಮಾತ್ರ ಯಾರಿಗೂ ಬೇಡ. ಪಕ್ಕದ ಮನೆಯಲ್ಲಿ ಲೋಟ ಬಿದ್ದರೂ ಓಡಿ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಬಿದ್ದದ್ದು ಅಣ್ಣನ ಕೈಯಿಂದಲೇ... ಬಲಗೈ ಬೆರಳುಗಳ ಹಿಡಿತ ತಪ್ಪಿತ್ತು. ಅತ್ತಿಗೆ ನೆಲ ಒರೆಸುತ್ತ, "ಅಕ್ಷರ ಗೊತ್ತಿದ್ದವರು ನೀವು ಒಂದು ಮಾತು ಹೇಳಬಾರದಿತ್ತಾ?" ಎಂದರು. ಮುಡಿಗೂ ಮಾಸ್ಕಿಗೂ ಸಂಬಂಧವುಂಟು ಎಂಬುದು ಅಷ್ಟೆಲ್ಲ ಓದಿದ ನನಗೂ ಹೊಳೆದಿರಲಿಲ್ಲ.

ಎರಡನೇ ಮಾಸ್ಕ್ ಬಿಗಿಯಾಗಿ ಕೂತಿತು. ಚಿಕಿತ್ಸೆ ಮುಗಿಯಿತು, ಬೆರಳು ಸ್ವಲ್ಪ ಸರಿಯಾಯಿತು, ಅಣ್ಣ ಕೆಲವು ತಿಂಗಳು ಗಲ್ಲಾದಲ್ಲೂ ಕೂತರು. ಮುಂದಿನ ಮಳೆಗಾಲದಲ್ಲಿ ಗಡ್ಡೆ ಮತ್ತೆ ಬೆಳೆಯಿತು. ಆ ಸಲ ಡಾಕ್ಟರು ಮಾಸ್ಕಿನ ಮಾತೇ ಎತ್ತಲಿಲ್ಲ.

ಅತ್ತಿಗೆ ಈಗ ಕಲ್ಯಾಣದಲ್ಲಿ ತಂಗಿಯ ಜೊತೆ ಇದ್ದಾರೆ. ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾರೆ. ಊಟ, ಮಂಡಿನೋವು ಎಲ್ಲ ಮಾತಾಡಿ ಮುಗಿದ ಮೇಲೂ ಫೋನ್ ಇಡುವುದಿಲ್ಲ. ಏನು ಬರಲಿದೆ ಎಂದು ನನಗೆ ಗೊತ್ತು.

"ಮುಡಿ ಕೊಡಿಸಿದ್ದಕ್ಕೇ ತಡ ಆಗಿ ಹೋದರಾ ಅವರು?"

"ಅಲ್ಲ ಅತ್ತಿಗೆ. ಡಾಕ್ಟರೇ ಹೇಳಿದ್ದರಲ್ಲ."

"ಮತ್ತೆ ಯಾಕೆ ಹೋದರು?"

ನಾನು ಇನ್ನೂ ಓದುತ್ತಲೇ ಇದ್ದೇನೆ.