ಬೇರೆಯವರ ದನಿಯಲ್ಲಿ ಕೂಗುತ್ತಿದ್ದವರು

ನಮ್ಮ ಕೋಚ್ ‘ಟೆ ತಾರಿಕ್’ ಚಹಾದ ಗ್ಲಾಸು ಹಿಡಿದರೆ ಬಲಗೈಯ ಕಿರುಬೆರಳು ಮಾತ್ರ ಹೊರಕ್ಕೆ ತಿರುಗಿ ಪಕ್ಕದ ಟೇಬಲ್ಲನ್ನು ತೋರಿಸುತ್ತಿತ್ತು. ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡದ್ದು. “ಪ್ರಾಕ್ಟೀಸಿನಲ್ಲಿ ಮುರಿದದ್ದು. ಪಂದ್ಯಕ್ಕೆ ನನ್ನನ್ನು ಇಳಿಸಿದವರು ಯಾರು, ಲಾ?” ಎಂದು ನಗುವರು. ಅಮೆರಿಕದವರು. ಈ ‘ಲಾ’ವನ್ನು ಮಲೇಷ್ಯಾದಲ್ಲಿ ಕಲಿತು ಸಿಕ್ಕಸಿಕ್ಕಲ್ಲಿ ಅಂಟಿಸುತ್ತಿದ್ದರು.

ಅವರ ದೇಶದ ಫುಟ್‌ಬಾಲ್‌ನಲ್ಲಿ ಚೆಂಡು ಎಸೆಯುವ, ಕೂಗಿ ಆಟ ಶುರುಮಾಡುವ ಮುಖ್ಯ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಕೋಚ್ ಹತ್ತು ವರ್ಷ, ಆರು ತಂಡಗಳಲ್ಲಿ ಅವನ ಬದಲಿಯಾಗಿ ಅಂಚಿನಲ್ಲಿ ನಿಂತಿದ್ದರು. ಇದನ್ನು ವಿವರಿಸಿದರೆ ನನ್ನ ಉಡುಪಿಯ ರೂಮ್‌ಮೇಟ್, “ಎಂತ ಮಾರಾಯ್ತಿ, ಕ್ವಾರ್ಟರ್ ಹಾಕಿದ ಮೇಲೆ ಬ್ಯಾಕ್ ಬರ್ಲಿಕ್ಕೆ ಆಗ್ತದಾ?” ಎಂದು ತಾನೇ ಬಿದ್ದುಬಿದ್ದು ನಕ್ಕಳು.

ನಾನಾಗ ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ವೈದ್ಯಕೀಯ ಓದುತ್ತಿದ್ದೆ. ಹುಬ್ಬಳ್ಳಿಯಲ್ಲಿ ಥ್ರೋಬಾಲ್ ಆಡಿದ ನನ್ನ ತೋಳು ನೋಡಿ ಕೋಚ್ ಕಾಲೇಜು ತಂಡದ ಕ್ವಾರ್ಟರ್‌ಬ್ಯಾಕ್ ಜಾಗಕ್ಕೇ ಎಳೆದುಕೊಂಡರು. ಆದರೆ ನನಗೆ ಉಗ್ಗು. ನಾನು ‘ರೆಡಿ’ ಎನ್ನುವಷ್ಟರಲ್ಲಿ ಎದುರಾಳಿಗಳು ಒಂದು ನಿದ್ದೆ ಮುಗಿಸಬಹುದಿತ್ತು. ಆಟ ಹಾಳಾಗಿ ಹೋಗಲಿ, ಕೊನೆಯ ವರ್ಷದ ಪರೀಕ್ಷೆಯಲ್ಲಿ ರೋಗಿಯ ಪಕ್ಕ ನಿಂತು ವಿವರವೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು. ಒಮ್ಮೆ ಮಾತು ಹೊರಡದೆ ಫೇಲಾಗಿದ್ದೆ. ಉಳಿದದ್ದು ಇನ್ನೊಂದೇ ಅವಕಾಶ.

ಕೋಚ್ ಸಮಾಧಾನ ಹೇಳಲಿಲ್ಲ, ಕಸುಬಿನ ಗುಟ್ಟು ಹೇಳಿದರು. ವಾರವಿಡೀ ಪ್ರಾಕ್ಟೀಸಿನಲ್ಲಿ ಬದಲಿ ಆಟಗಾರ ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನ ಹಾಗೇ ನಿಂತು, ಅವನ ಹಾಗೇ ಕೂಗಬೇಕಂತೆ, ತಮ್ಮವರಿಗೆ ರೂಢಿಯಾಗಲೆಂದು. “ನೀನೂ ಯಾರದಾದರೂ ದನಿ ಎರವಲು ತಗೋ.”

ಅಲ್ಲಿನ ಬ್ರಿಕ್‌ಫೀಲ್ಡ್ಸ್ ಪೇಟೆಯ ತರಕಾರಿ ಅಂಗಡಿಯ ತಮಿಳು ಅಕ್ಕನ ದನಿ ತೆಗೆದುಕೊಂಡೆ. ಗಿರಾಕಿಗಳನ್ನು ಗದರಿಸುವ ಆ ಕಂಚಿನ ಕಂಠದಲ್ಲಿ ‘ರೆಡಿ, ಸೆಟ್, ಹೈಕ್’ ಎಂದೆ, ಒಂದಕ್ಷರವೂ ಸಿಕ್ಕಿಕೊಳ್ಳಲಿಲ್ಲ! ಮೈದಾನದಲ್ಲೇ ಅತ್ತುಬಿಟ್ಟೆ.

“ಪರೀಕ್ಷೆಗೂ ಅಕ್ಕನನ್ನೇ ಕರ್ಕೊಂಡು ಹೋಗ್ಲಾ ಕೋಚ್?” ಎಂದೆ.

ಅವರು ನಗಲಿಲ್ಲ. ಹತ್ತು ವರ್ಷದಲ್ಲಿ ಒಂದೇ ಒಂದು ಪಂದ್ಯವನ್ನು ಮೊದಲಿನಿಂದ ಆಡಲು ಅವರಿಗೆ ಸಿಕ್ಕಿತ್ತು. “ಅರ್ಧ ಆಟ ಯಾರ್ಯಾರದೋ ದನಿಯಲ್ಲಿ ಕೂಗಿದೆ. ನಮ್ಮವರೇ ಗಲಿಬಿಲಿಗೊಂಡರು. ಆಮೇಲೆ ನನ್ನ ಗೊಗ್ಗರು ದನಿಯಲ್ಲೇ ಕೂಗಿದೆ. ಸೋತೆವು. ಆದರೂ ಇವತ್ತಿಗೂ ನೆನಪಾಗುವುದು ಆ ಉಳಿದರ್ಧ” ಎಂದರು.

ಪರೀಕ್ಷೆಯ ದಿನ ಅಕ್ಕನ ದನಿಯಲ್ಲೇ ಶುರುಮಾಡಿದೆ. ಹಾಸಿಗೆಯಲ್ಲಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಅವಳ ನೋವನ್ನು ಅಣಕದ ದನಿಯಲ್ಲಿ ಹೇಳಲು ನಾಚಿಕೆಯಾಗಿ ನನ್ನ ದನಿಗೆ ಬಂದೆ. ಉಗ್ಗಿದೆ, ಬೆವರಿದೆ, ಪರೀಕ್ಷಕರು ಗಡಿಯಾರ ನೋಡಿದರು. ನಾನು ಮಾತ್ರ ಕೊನೆಯ ಸಾಲಿನವರೆಗೆ ನಿಲ್ಲಿಸಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ಕೋಚ್ ಬೇರೆ ದೇಶದ ಇನ್ನೊಂದು ತಂಡಕ್ಕೆ ಹೊರಟುಹೋಗಿದ್ದರು. ಫೋನ್ ಮಾಡಿದೆ. ‘ಪಾಸ್’ ಎನ್ನಲು ಹೋಗಿ ‘ಪಾ’ದಲ್ಲೇ ನಿಂತೆ. ಚಿಕ್ಕಂದಿನಿಂದ ನನ್ನ ಮಾತುಗಳನ್ನು ಪಾಪ ಎಂದು ಬೇರೆಯವರೇ ಮುಗಿಸಿಕೊಟ್ಟಿದ್ದಾರೆ. ಕೋಚ್‌ಗೂ ಆಗಲೇ ಅರ್ಥವಾಗಿತ್ತು, ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಆದರೂ ತುಟಿ ಬಿಚ್ಚದೆ, ನಾನೇ ಹೇಳುವವರೆಗೆ ಕಾದರು.