ಹಿಮ್ಮಡಿಯ ಹಟ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟ ಕೂಡಲೇ ಹಿಮ್ಮಡಿಗೆ ಯಾರೋ ಮೊಳೆ ಹೊಡೆದಂತೆ ಆಗುತ್ತದೆಯೇ? ಗೋಡೆ ಹಿಡಿದುಕೊಂಡು ಬಚ್ಚಲುಮನೆ ಮುಟ್ಟುವಷ್ಟರಲ್ಲಿ ಆ ನೋವು ಏನೂ ಅರಿಯದವರ ಹಾಗೆ ಮಾಯವಾಗುತ್ತದೆಯೇ? ಹಾಗಿದ್ದರೆ ಬನ್ನಿ, ಕೂತುಕೊಳ್ಳಿ, ನಾವಿಬ್ಬರೂ ಒಂದೇ ಪಂಗಡದವರು. ಅಂಗಾಲಿನ ಅಡಿಯಲ್ಲಿ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಒಂದು ಪಟ್ಟಿ ಇದೆಯಂತೆ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಅದು ಕೆಡುವ ತನಕ ಅಂಥದ್ದೊಂದು ನಮ್ಮ ಕಾಲಿನಲ್ಲಿದೆ ಎಂದೇ ನಮಗೆ ಗೊತ್ತಿರುವುದಿಲ್ಲ.

ನನ್ನದು ಕೆಟ್ಟದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಲವತ್ತು ದಾಟಿತ್ತು, ವಿಮಾ ಕಂಪನಿಯಲ್ಲಿ ಗುಮಾಸ್ತೆಯ ಕೆಲಸ, ಹಲಸೂರಿನಲ್ಲಿ ಮನೆ. ಬೆಳಕು ಹರಿಯುವ ಹೊತ್ತಿಗೆ ಕೆರೆಯ ಪಕ್ಕದ ರಸ್ತೆಯಲ್ಲಿ ಓಡುತ್ತಿದ್ದೆ. ತೂಕ ಇಳಿಸುವುದಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ, ತೂಕ ಮಾತ್ರ ಅದನ್ನು ನಂಬಿರಲಿಲ್ಲ. ನಿಜ ಹೇಳಬೇಕೆಂದರೆ ಆ ಮುಕ್ಕಾಲು ಗಂಟೆ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಟವೆಲ್ ಎಲ್ಲಿ, ಕಾಫಿ ಆಯಿತೇ, ಹಾಲಿನವನು ಬಂದನೇ, ಯಾವುದೂ ಇಲ್ಲ. ಏದುಸಿರು ಬಿಡುತ್ತ ಓಡುವ ಹೆಂಗಸನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಇಡೀ ದಿನದಲ್ಲಿ ನನ್ನದು ಎಂದಿದ್ದದ್ದು ಅದೊಂದೇ, ಅದನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಆದರೆ ಬಿಡಿಸಲು ಎಲ್ಲರೂ ತಯಾರಾಗಿದ್ದರು. ನಾನು ಕುಂಟತೊಡಗಿದ್ದೇ ತಡ, ಸುತ್ತಮುತ್ತಲಿನವರೆಲ್ಲ ಡಾಕ್ಟರಾದರು. ನಮ್ಮತ್ತೆ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಊರಿಸಿದರು. ಆಫೀಸಿನಲ್ಲಿ ಪಕ್ಕದ ಮೇಜಿನವರು, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಮೇಡಂ?" ಎಂದರು. ಮೂಳೆ ಡಾಕ್ಟರು ನನ್ನ ಕಾಲನ್ನು ನೋಡಲೇ ಇಲ್ಲ, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಓಡೋದು ಬಿಟ್ಬಿಡಿ, ವಾಕಿಂಗ್ ಮಾಡಿ ಸಾಕು" ಎಂದು ಮುಗಿಸಿದರು. ಆ ತೀರ್ಪು ಕೇಳಿ ನಮ್ಮ ಯಜಮಾನರ ಮುಖದಲ್ಲಿ ಮೂಡಿದ ಸಮಾಧಾನವನ್ನು ನಾನು ಇನ್ನೂ ಮರೆತಿಲ್ಲ.

ನನಗೆ ಉರಿದುಹೋಯಿತು. ಹಲ್ಲು ನೋಯುತ್ತದೆ ಎಂದವರಿಗೆ ಊಟ ಬಿಡಿ ಎನ್ನುವ ಡಾಕ್ಟರನ್ನು ನೀವು ಕಂಡಿದ್ದೀರಾ? ಪಾಲಿಸಿ ಬರೆದೂ ಬರೆದೂ ನನ್ನ ಮಣಿಕಟ್ಟು ಹಿಡಿದುಕೊಂಡಾಗ ಆಫೀಸು ಬಿಟ್ಟುಬಿಡು ಎಂದು ಮನೆಯಲ್ಲಿ ಒಬ್ಬರೂ ಹೇಳಲಿಲ್ಲ. ಓಡಿ ನೋವು ಮಾಡಿಕೊಂಡರೆ ಮಾತ್ರ ಅದು ನೋವಲ್ಲ, ಮಾಡಿದ್ದಕ್ಕೆ ತಕ್ಕ ಶಾಸ್ತಿ. ಬಿಡುವುದಿಲ್ಲ ಎಂದುಕೊಂಡೆ. ಹಟ ನಮ್ಮ ತವರಿನ ಕಡೆಯಿಂದ ಬಂದದ್ದು ಎಂದು ಅತ್ತೆ ಹೇಳುತ್ತಾರೆ, ಈ ಒಂದು ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪುತ್ತೇನೆ.

ಕಂಟೋನ್ಮೆಂಟ್ ಕಡೆಯ ಒಂದು ಗಲ್ಲಿಯಲ್ಲಿ ಪಾದಗಳನ್ನಷ್ಟೇ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ಗೆಳತಿಯೊಬ್ಬಳು ಹೇಳಿದಳು. ಹೋದೆ. ಬೆಂಚಿನ ತುಂಬ ಸಕ್ಕರೆ ಕಾಯಿಲೆಯವರು, ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದರು. ಓಡಿ ಕಾಲು ಕೆಡಿಸಿಕೊಂಡು ಬಂದವಳು ನಾನೊಬ್ಬಳೇ. ಡಾಕ್ಟರಮ್ಮನಿಗೆ ಅದೇ ಖುಷಿ. ನಿಲ್ಲಿಸಿ ನೋಡಿದರು, ನಡೆಸಿ ನೋಡಿದರು, ಹೆಬ್ಬೆರಳಿನಿಂದ ಹಿಮ್ಮಡಿಯ ಒಂದು ಜಾಗ ಒತ್ತಿದರು, ನಾನು ಅಮ್ಮಾ ಎಂದು ಕಿರುಚಿದೆ. ಓಡುವವರಿಗೆ ಬರುವ ಮಿಕ್ಕ ನೋವುಗಳನ್ನೂ ವಿವರಿಸಿದರು: ಮೊಣಕಾಲು ಚಿಪ್ಪಿನ ಸುತ್ತ ಬರುವುದು, ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆಯುದ್ದಕ್ಕೂ ಬರುವುದು, ಹಿಮ್ಮಡಿಯ ಮೇಲಿನ ದಪ್ಪ ನರ ಬಿಗಿದುಕೊಳ್ಳುವುದು. ಹೆಚ್ಚಿನವು ಅವಸರಕ್ಕೆ ಬರುವಂಥವಂತೆ, ಕಾಲು ಪಳಗುವ ಮೊದಲೇ ದೂರ ಏರಿಸಿಬಿಡುತ್ತೇವಂತೆ. ಕೊನೆಗೆ ನನ್ನ ಶೂ ಎತ್ತಿ ನೋಡಿದರು. ಅದು ನನ್ನ ಮಗನಿಗೆ ಚಿಕ್ಕದಾದ ಪಿ.ಟಿ. ಕ್ಯಾನ್ವಾಸು. "ಇದು ಶೂ ಇಲ್ಲಮ್ಮಾ, ಬಟ್ಟೆ" ಎಂದರು, ತಮಿಳು ಬೆರೆತ ಕನ್ನಡದಲ್ಲಿ.

ಆಮೇಲೆ ಅವರು ಕೇಳಿದ್ದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಓಡಿ ಮನೆಗೆ ಬಂದ್ಮೇಲೆ ಏನ್ ಮಾಡ್ತೀರಿ?"

"ಏನಿಲ್ಲ. ತಿಂಡಿ, ಅಡುಗೆ, ಡಬ್ಬಿ ಕಟ್ಟೋದು."

"ಬರಿಗಾಲಲ್ಲಾ? ಕಲ್ಲಿನ ನೆಲದ ಮೇಲಾ? ಎಷ್ಟೊತ್ತು?"

ಆಫೀಸಿಗೆ ಹೊರಡುವ ತನಕ, ಎಂದೆ. ಅವರು ಪೆನ್ನು ಕೆಳಗಿಟ್ಟರು. "ಓಡೋದು ಸ್ವಲ್ಪ ದಿನ ನಿಲ್ಲಿಸಿ, ಆಮೇಲೆ ನಾನೇ ಓಡಿಸ್ತೀನಿ. ಆದ್ರೆ ಬರಿಗಾಲಲ್ಲಿ ನಿಂತ್ಕೊಳ್ಳೋದು ಇವತ್ತೇ ನಿಲ್ಲಿಸ್ಬೇಕು. ಅಡುಗೆಮನೇಲೂ ಚಪ್ಪಲಿ ಹಾಕ್ಕೊಳ್ಳಿ."

ಊರೆಲ್ಲ ಓಡುವುದನ್ನು ಬಿಡು ಎಂದಿತ್ತು. ನಿಲ್ಲುವುದನ್ನು ಬಿಡು ಎಂದವರು ಈಕೆ ಒಬ್ಬರೇ. ನನಗೆ ಅವರ ಕಾಲಿಗೆ ಬೀಳಬೇಕು ಎನ್ನಿಸಿತು.

ಉಳಿದ ಚಿಕಿತ್ಸೆ ಸುಲಭದ್ದು. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ ಹಿಮ್ಮಡಿಯನ್ನು ಕೆಳಗಿಳಿಸಿ ಮೀನಖಂಡ ಎಳೆಯುವುದು, ಫ್ರೀಜರಿನಲ್ಲಿಟ್ಟ ನೀರಿನ ಬಾಟಲನ್ನು ಅಂಗಾಲಿನ ಕೆಳಗೆ ಉರುಳಿಸುವುದು, ಒಳ್ಳೆಯ ಶೂ ಕೊಳ್ಳುವುದು. ತಣ್ಣಗಿನದು ಇಟ್ಟರೆ ವಾಯು ಏರುತ್ತದೆ ಎಂದು ಅತ್ತೆ ಗೊಣಗಿದರೂ ಬಾಟಲಿಗೆ ಜಾಗ ಬಿಟ್ಟರು. ಅಡುಗೆಮನೆಯಲ್ಲಿ ಚಪ್ಪಲಿಗೆ ಮಾತ್ರ ಬಿಡಲಿಲ್ಲ. ಹೊಸದು, ಬೀದಿಯನ್ನೇ ಕಾಣದ್ದು ಎಂದೆ. "ಚಪ್ಪಲಿ ಚಪ್ಪಲಿನೇ" ಎಂದರು. ಮಠಗಳಲ್ಲಿ ಗುರುಗಳ ಪಾದುಕೆಗೆ ಪೂಜೆಯನ್ನೇ ಮಾಡುತ್ತಾರಲ್ಲ ಎಂದು ವಾದ ಹೂಡಿದೆ. "ಆ ಗುರುಗಳು ಹಲಸೂರು ಕೆರೆ ಪಕ್ಕ ಓಡ್ತಿರ್ಲಿಲ್ಲ" ಎಂದರು ಅತ್ತೆ. ಅವರ ಜೊತೆ ವಾದದಲ್ಲಿ ಗೆದ್ದವರು ನಮ್ಮ ವಂಶದಲ್ಲಿ ಇಲ್ಲ.

ಹಾಗಾಗಿ ನಾನು ವಾದ ಬಿಟ್ಟೆ, ವಿಧೇಯಳಾದೆ. ಡಾಕ್ಟರು ಬರಿಗಾಲಲ್ಲಿ ನಿಲ್ಲಬೇಡಿ ಎಂದಿದ್ದಾರೆ, ಅತ್ತೆ ಚಪ್ಪಲಿ ಹಾಕಿ ಅಡುಗೆಮನೆಗೆ ಬರಬೇಡ ಎಂದಿದ್ದಾರೆ. ಇಬ್ಬರೂ ದೊಡ್ಡವರು, ಇಬ್ಬರ ಮಾತನ್ನೂ ನಡೆಸಬೇಕು. ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಚಪ್ಪಲಿ ಮೆಟ್ಟಿಕೊಂಡು ಕುರ್ಚಿಯಲ್ಲಿ ಕೂತು ಪೇಪರ್ ಬಿಡಿಸಿದೆ. ಅಡುಗೆಮನೆ ತಣ್ಣಗಿತ್ತು. ಅತ್ತೆಗೆ ಒಲೆಯ ಮುಂದೆ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಉಳಿದವರು ಅವರ ಮಗ, ಟಿನ್ ಫ್ಯಾಕ್ಟರಿ ಕಡೆಯ ಬಸ್ಸು ಕಣ್ಣೆದುರೇ ಹೊರಟರೂ ಓಡದೆ ಮುಂದಿನ ಬಸ್ಸಿಗೆ ಕಾಯುವ ಮನುಷ್ಯ. ಅವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಪಂಚೆ ಎತ್ತಿ ಕಟ್ಟಿಕೊಂಡು ಒಳಗೆ ಹೋದರು. ಮೊದಲ ದಿನದ ಉಪ್ಪಿಟ್ಟನ್ನು ಚಾಕುವಿನಲ್ಲಿ ಕೊಯ್ಯಬೇಕಾಯಿತು. ನಾನು ಚೆನ್ನಾಗಿದೆ ಎಂದು ಹೇಳಿ ಇನ್ನೊಂದು ತುಂಡು ಹಾಕಿಸಿಕೊಂಡೆ.

ದಿನ ಕಳೆದಂತೆ ಉಪ್ಪಿಟ್ಟು ಉದುರುದುರಾಯಿತು, ನನ್ನ ಹಿಮ್ಮಡಿಯೂ ಸಡಿಲವಾಯಿತು. ಡಾಕ್ಟರಮ್ಮ ಮಾತಿಗೆ ತಪ್ಪಲಿಲ್ಲ. ಒಂದಿಷ್ಟು ನಡಿಗೆ, ಒಂದಿಷ್ಟು ಓಟ, ಮತ್ತೆ ನಡಿಗೆ ಎಂದು ಬೆಳೆಸುತ್ತ ನನ್ನನ್ನು ಕೆರೆಯ ರಸ್ತೆಗೆ ವಾಪಸು ಕಳಿಸಿದರು. ಈ ವಯಸ್ಸಲ್ಲಿ ಬೇಕಿತ್ತಾ ಎಂದವರ ಎದುರಿಗೆ ಬೇಕೆಂದೇ ಹಲ್ಲು ಕಿರಿದುಕೊಂಡು ಓಡಿದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾನು ಓಡಲು ಹೊರಟು ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿದ್ದಾಗ ನಮ್ಮ ಯಜಮಾನರು ಗೋಡೆ ಹಿಡಿದುಕೊಂಡು ಕುಂಟುತ್ತ ಬಂದರು. "ಎದ್ದು ಕಾಲಿಟ್ರೆ ಹಿಮ್ಮಡೀಲಿ ಮೊಳೆ ಹೊಡ್ದಂಗಾಗುತ್ತೆ ಕಣೇ" ಎಂದರು. ಜನ್ಮದಲ್ಲಿ ಒಂದು ದಿನವೂ ಓಡದ ಮನುಷ್ಯ! ಹೂ ಕಟ್ಟುತ್ತಿದ್ದ ಅತ್ತೆ, "ಬರಿಗಾಲಲ್ಲಿ ನಿಂತ್ರೆ ನೋಯ್ದೆ ಇನ್ನೇನಾಗುತ್ತೆ? ಅವನಿಗೆ ಒಂದು ಜೊತೆ ಮೆತ್ತನೆ ಚಪ್ಪಲಿ ತಂದ್ಬಿಡು, ಅಡುಗೆಮನೇಲಿ ಹಾಕ್ಕೊಳ್ಲಿ" ಎಂದರು.

ಸಿಟ್ಟು ಬಂತು. ಇಷ್ಟು ದಿನ ನನಗಿಲ್ಲದ ರಿಯಾಯಿತಿ ಮಗನಿಗೆ ಒಂದೇ ನಿಮಿಷದಲ್ಲಿ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಮಣೆಯ ಮೇಲೆ ಚಾಚಿದ್ದ ಅತ್ತೆಯ ಕಾಲು ಕಣ್ಣಿಗೆ ಬಿತ್ತು. ನಾನು ಈ ಮನೆಗೆ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಅಡುಗೆಮನೆಯ ನೆಲದ ಮೇಲೆ ನಿಂತ ಹಿಮ್ಮಡಿಗಳು, ಕೆರೆ ಬತ್ತಿದಾಗಿನ ಮಣ್ಣಿನ ಹಾಗೆ ಬಿರುಕು ಬಿಟ್ಟಿದ್ದವು. ಅವರಿಗೆ ಒಲೆಯ ಮುಂದೆ ನಿಲ್ಲಲು ಯಾಕೆ ಆಗುವುದಿಲ್ಲ ಎಂದು ನಾವು ಯಾರೂ ಯಾವತ್ತೂ ಕೇಳಿರಲಿಲ್ಲ.

"ಎರಡು ಜೊತೆ ತರ್ತೀನಿ" ಎಂದೆ.

"ಎರಡ್ಯಾಕೆ? ನಿನಗಿದೆಯಲ್ಲ."

"ಇನ್ನೊಂದು ನಿಮಗೆ, ಅತ್ತೆ."

ಬಯ್ಯುತ್ತಾರೆ ಎಂದುಕೊಂಡು ಕಾದೆ. ಅವರು ಹೂವಿನ ದಾರಕ್ಕೆ ಗಂಟು ಹಾಕಿದರು, ಎಳೆದು ನೋಡಿದರು, ತಲೆ ಎತ್ತದೆ ಹೇಳಿದರು: "ಐದನೇ ನಂಬರು. ಬಾರು ಅಗಲ ಇರ್ಲಿ, ನಂಗೆ ಬೆರಳು ಒತ್ತುತ್ತೆ."